ಹಸಿರಿಗೆ ಎಷ್ಟು ಅಂಕ? ನ್ಯಾಕ್ ತಯಾರಿ ಕಲಿಸಿದ ಆರು ಪಾಠಗಳು

ಕಾಲೇಜುಗಳಿಗೆ ಮಾನ್ಯತೆ ನೀಡುವ ನ್ಯಾಕ್‌ನ ತಂಡ ಬರುತ್ತಿದ್ದ ವರ್ಷ ಐಕ್ಯೂಎಸಿ (ಆಂತರಿಕ ಗುಣಮಟ್ಟ ಭರವಸೆ ಕೋಶ) ಸಂಯೋಜಕರಿಗೆ ತಪ್ಪದೆ ಎದುರಾಗುತ್ತಿದ್ದ ಪ್ರಶ್ನೆ: 'ಗಿಡ ನೆಟ್ಟರೆ ಎಷ್ಟು ಅಂಕ ಸರ್?' 2017ರಲ್ಲಿ ಬಂದ ಮೌಲ್ಯಮಾಪನ ಮಾದರಿಯಲ್ಲಿ ಪದವಿ ಕಾಲೇಜಿನ ಕಡತ ಕಟ್ಟಿದ ಅನುಭವದಿಂದ ಈ ಮಾತುಗಳು.

1. ಮೊದಲು ಅಂಕದ ಲೆಕ್ಕ ತಿಳಿಯಿರಿ.
ಆ ಮಾದರಿಯಲ್ಲಿ ಏಳು ಮಾನದಂಡಗಳಿಗೆ ಒಟ್ಟು 1000 ಅಂಕವಿತ್ತು. ಪರಿಸರದ ವಿಷಯ ಹೆಚ್ಚಾಗಿ ಬರುತ್ತಿದ್ದುದು ಏಳನೆಯದರಲ್ಲಿ, ಅದರ ಪಾಲು 100. ಅದರೊಳಗೂ ಲಿಂಗ ಸಮಾನತೆ, ಅಂಗವಿಕಲರ ಸೌಲಭ್ಯ, ಕಾಲೇಜಿನ ಉತ್ತಮ ಪದ್ಧತಿಗಳಿಗೆ ಪಾಲಿತ್ತು. ಇಡೀ ಮಾನದಂಡ ಬಾಚಿಕೊಂಡರೂ 4ರ ಸಿಜಿಪಿಎಗೆ ಸೇರುತ್ತಿದ್ದುದು 0.4. ಗ್ರೇಡ್ ಏರಿಸಲು ಹಸಿರನ್ನೇ ನೆಚ್ಚುವಂತಿರಲಿಲ್ಲ.

2. 'ಇದೆ' ಎಂದರೆ ಸಾಲದು, 'ನಡೆಯುತ್ತಿದೆ' ಎನ್ನುವಂತಿರಲಿ.
ಸೋಲಾರ್, ಕಸ ವಿಲೇವಾರಿ, ನೀರಿನ ಉಳಿತಾಯ ಹೀಗೆ ಪಟ್ಟಿಯಲ್ಲಿದ್ದವು ಎಷ್ಟು ಇವೆ ಎಂಬುದರ ಮೇಲೆ ಅಂಕ ಸಿಗುತ್ತಿತ್ತು. ಮಳೆಕೊಯ್ಲಿನ ಪೈಪಿನ ಬಾಯಿಗೆ ಹೊಂಗೆ ಎಲೆ ತುಂಬಿದ್ದರೂ ಟಿಕ್ ಬೀಳುತ್ತಿತ್ತು, ಸಂಪು ಮಾತ್ರ ಒಣಗಿರುತ್ತಿತ್ತು. 1000 ಚದರ ಮೀಟರ್ ತಾರಸಿಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1000 ಲೀಟರ್ ನೀರು. ಮುಂಗಾರಿಗೆ ಮುಂಚೆ ಪೈಪು, ಫಿಲ್ಟರ್ ಶುಚಿ ಮಾಡಿಸಿ.

3. ಸಾಕ್ಷಿ ಅಂದಂದೇ ಸೇರಲಿ.
ಡಿವಿವಿ (ದತ್ತಾಂಶ ಪರಿಶೀಲನೆ) ಹಂತದಲ್ಲಿ ಜಿಯೋಟ್ಯಾಗ್ ಫೋಟೊ, ಬಿಲ್, ಸುತ್ತೋಲೆ ಕೇಳುತ್ತಿದ್ದರು. ಕಾರ್ಯಕ್ರಮ ಮುಗಿದ ಸಂಜೆಯೇ ವರ್ಷವಾರು ಫೋಲ್ಡರಿಗೆ ಹಾಕಿಟ್ಟರೆ ಐದು ವರ್ಷದ ಹಳೇ ಫೋಟೊಗಾಗಿ ನಿವೃತ್ತ ಮೇಷ್ಟ್ರ ಫೋನು ಜಾಲಾಡುವುದು ತಪ್ಪುತ್ತದೆ.

4. ಕರೆಂಟ್ ಬಿಲ್ಲಿಗಿಂತ ಖರೆ ಆಡಿಟ್ ಇಲ್ಲ.
ಹಳೆಯ ಫ್ಯಾನ್ ಸುಮಾರು 75 ವ್ಯಾಟ್ ನುಂಗಿದರೆ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. 200 ಫ್ಯಾನು ಬದಲಾಯಿಸಿ ದಿನಕ್ಕೆ ಆರು ಗಂಟೆ ಓಡಿಸಿದರೆ 54 ಯೂನಿಟ್ ಉಳಿತಾಯ. 'ವಿದ್ಯುತ್ ಉಳಿತಾಯ ಜಾಗೃತಿ ಜಾಥಾ' ಇದನ್ನು ಮಾಡಿಕೊಡದು. ತಿಂಗಳ ಯೂನಿಟ್ಟನ್ನು ವಿದ್ಯಾರ್ಥಿ ಸಂಖ್ಯೆಯಿಂದ ಭಾಗಿಸಿ ಬರೆದಿಡಿ. ಪ್ರವೇಶ ಹೆಚ್ಚಿದ ವರ್ಷವೂ ಹೋಲಿಕೆಗೆ ಸಿಗುತ್ತದೆ.

5. ಹಸಿರು ಆಡಿಟ್ ವರದಿಯ ಕೊನೆಯ ಪುಟ ಓದಿ.
ಬಣ್ಣದ ಪ್ರಮಾಣಪತ್ರ ಎಲ್ಲರೂ ಕೊಡುತ್ತಾರೆ. ನನ್ನ ಮೇಜಿಗೆ ಬಂದ ಒಂದು ವರದಿಯ ನಡುವೆ ಇನ್ನೊಂದು ಜಿಲ್ಲೆಯ ಕಾಲೇಜಿನ ಹೆಸರೇ ಉಳಿದುಕೊಂಡಿತ್ತು, ಮರಗಳ ಪಟ್ಟಿಯೂ ಅಲ್ಲಿಯದೇ. ಕ್ಯಾಂಪಸ್ಸಿನಲ್ಲಿ ಓಡಾಡಿ, ಮೀಟರ್ ನೋಡಿ, ಕೆಲಸ ಹೇಳಿ ಹೋಗುವವರನ್ನೇ ಕರೆಸಿ. ಕೊನೆಯ ಪುಟದಲ್ಲಿರುವ ಅವರ ಶಿಫಾರಸುಗಳು ಮುಂದಿನ ಬಜೆಟ್ಟಿನಲ್ಲಿ ಕಾಣಬೇಕು. ಮಾಡಿದ್ದು, ಬಾಕಿ ಉಳಿದದ್ದು ಎರಡನ್ನೂ ಆಡಳಿತ ಮಂಡಳಿಯ ನಡಾವಳಿಗೆ ಸೇರಿಸಿ.

6. ಅಟೆಂಡರನ್ನು ಸಭೆಗೆ ಕರೆಯಿರಿ.
ಹಸಿ ಕಸ, ಒಣ ಕಸ ಬೇರೆಯಾಗುವುದು ಗುಡಿಸುವವರ ಕೈಯಲ್ಲಿ. ಕೆಮಿಸ್ಟ್ರಿ ಲ್ಯಾಬಿನ ಆಸಿಡ್ ಸಿಂಕಿಗೆ ಹೋಗದಂತೆ ನೋಡಿಕೊಳ್ಳುವವರು ಲ್ಯಾಬ್ ಅಟೆಂಡರ್. ಕೆಟ್ಟ ಕಂಪ್ಯೂಟರುಗಳು ಗುಜರಿಗೆ ಹೋದವೋ, ಅಧಿಕೃತ ಇ-ತ್ಯಾಜ್ಯ ಸಂಸ್ಕರಣೆಯವರಿಗೆ ಹೋಗಿ ರಸೀದಿ ಬಂತೋ, ಸ್ಟೋರಿನವರಿಗೇ ಗೊತ್ತು. ಹಸಿರು ಸಮಿತಿಯಲ್ಲಿ ಇವರಿಗೆ ಕುರ್ಚಿ ಇಲ್ಲದಿದ್ದರೆ ಪಿಪಿಟಿಯಲ್ಲಿ ಒಂದು, ಹಿತ್ತಿಲಲ್ಲಿ ಇನ್ನೊಂದು. ನ್ಯಾಕ್‌ನ ಪೀರ್ ತಂಡದವರು ಹಿತ್ತಿಲಿಗೂ ಹೋಗುತ್ತಿದ್ದರು.