ಇಂದಿನ ಚಿಂತನೆ: ಗುಂಡಿ ಫೋನು, ಗಾಜಿನ ಫೋನು, ಕನ್ನಡ ಅಕ್ಷರ



ಮೊನ್ನೆ ಮನೆಗೆ ಸುಣ್ಣ ಹೊಡೆಸುವಾಗ ಬೀರುವಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿಯಲ್ಲಿ ನನ್ನ ಹಳೆಯ ಫೋನು ಸಿಕ್ಕಿತು. ಮೇಲರ್ಧ ಪರದೆ, ಕೆಳಗರ್ಧ ಪುಟ್ಟ ಪುಟ್ಟ ಗುಂಡಿಗಳು. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಬಿರಿದುಕೊಂಡಿತ್ತು. (ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ, ಕಸದ ಜೊತೆ ಎಸೆಯಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.) ಫೋನು ಸತ್ತು ಎಷ್ಟೋ ವರ್ಷವಾಗಿದೆ. ಆದರೂ ಕೈಗೆ ತೆಗೆದುಕೊಂಡ ಕೂಡಲೇ ಎರಡು ಹೆಬ್ಬೆರಳೂ ತಾವಾಗಿಯೇ ಗುಂಡಿಗಳ ಮೇಲೆ ಹೋಗಿ ಕೂತವು. ಮಗಳು ನೋಡಿ, "ಇದೇನಪ್ಪಾ, ಕ್ಯಾಲ್ಕುಲೇಟರಾ?" ಅಂದಳು.

ಅವಳಿಗೆ ಹೇಳಿದ್ದನ್ನೇ ಇಂದು ನಿಮಗೂ ಹೇಳುತ್ತೇನೆ. ಇದರಲ್ಲಿ ನನ್ನದೊಂದು ತಪ್ಪೂ ಇದೆ.

ಈ ಬಗೆಯ ಫೋನುಗಳ ಹಿರಿಯಣ್ಣ ಬ್ಲ್ಯಾಕ್‌ಬೆರಿ. ಕೆನಡಾದ ಆಂಟಾರಿಯೊ ಪ್ರಾಂತ್ಯದ ವಾಟರ್ಲೂ ಎಂಬ ಊರಿನಲ್ಲಿ ಮೈಕ್ ಲಜಾರಿಡಿಸ್ ಮತ್ತು ಡಗ್ಲಸ್ ಫ್ರೆಗಿನ್ 1984ರಲ್ಲಿ ರಿಸರ್ಚ್ ಇನ್ ಮೋಷನ್ ಎಂಬ ಕಂಪನಿ ಕಟ್ಟಿದರು. 1999ರಲ್ಲಿ ಬಂದ ಅವರ ಮೊದಲ ಬ್ಲ್ಯಾಕ್‌ಬೆರಿಯಲ್ಲಿ ಮಾತಾಡಲು ಆಗುತ್ತಿರಲಿಲ್ಲ. ಅದು ಇಮೇಲ್ ತರುವ ಪೇಜರ್ ಮಾತ್ರ, ಗಡಿಯಾರಕ್ಕೆ ಹಾಕುವಂಥ ಒಂದು ಸಾಮಾನ್ಯ ಸೆಲ್ಲಿನಲ್ಲಿ ನಡೆಯುತ್ತಿತ್ತು. ಒತ್ತೊತ್ತಾಗಿ ಕೂತ ಗುಂಡಿಗಳು ಹಣ್ಣಿನ ಮೈಮೇಲಿನ ಕಾಳುಗಳಂತೆ ಕಂಡವೆಂದು ಆ ಹೆಸರು ಬಂತು. ಅಂಗೈಯಲ್ಲಿ ಹಿಡಿದ ಯಂತ್ರದಲ್ಲಿ ಮನುಷ್ಯ ಹತ್ತು ಬೆರಳಿನಿಂದ ಟೈಪ್ ಮಾಡಲಾರ, ಆದರೆ ಎರಡು ಹೆಬ್ಬೆರಳಿನಿಂದ ಮಾಡಬಲ್ಲ ಎಂದು ಅವರು ಕಂಡುಕೊಂಡರು. ಇವತ್ತು ಬಸ್ಸಿನಲ್ಲಿ ಕೂತವರೆಲ್ಲ ಹೆಬ್ಬೆರಳಿನಲ್ಲಿ ಟೈಪ್ ಮಾಡುವುದನ್ನು ನೋಡಿದಾಗ ನನಗೆ ಅದು ನೆನಪಾಗುತ್ತದೆ.

ಆ ಗುಂಡಿಗಳ ಕೆಲಸಗಾರಿಕೆ ನಿಜವಾಗಿಯೂ ಚೆನ್ನಾಗಿತ್ತು. ಪ್ರತಿ ಗುಂಡಿಯ ಕೆಳಗೆ ಸಣ್ಣ ಲೋಹದ ಗುಮ್ಮಟ. ಒತ್ತಿದರೆ ಕುಸಿದು 'ಟಿಕ್' ಎನ್ನುತ್ತದೆ, ಬಿಟ್ಟರೆ ಮೇಲೇಳುತ್ತದೆ. 2008ರ ಬೋಲ್ಡ್ ಎಂಬ ಮಾದರಿಯಲ್ಲಿ ಸಾಲು ಸಾಲಿನ ನಡುವೆ ತೆಳುವಾದ ಲೋಹದ ಪಟ್ಟಿ ಇತ್ತು. ಒಂದೊಂದು ಗುಂಡಿಯ ಮೈಯನ್ನೂ ಬೆರಳು ಬರುವ ದಿಕ್ಕಿಗೆ ಓರೆಯಾಗಿ ಕಡೆದಿದ್ದರು. ಹೀಗಾಗಿ ನೋಡದೆಯೇ ಬರೆಯಬಹುದಿತ್ತು. ನಾನು ತಾಲ್ಲೂಕು ಮಟ್ಟದ ಸಭೆಗಳಲ್ಲಿ ಮೇಜಿನ ಕೆಳಗೆ ಕೈಯಿಟ್ಟು, ಕಣ್ಣು ಅಧಿಕಾರಿಗಳ ಮೇಲಿಟ್ಟು, ಒಂದು ಪುಟ ಬರೆದುಬಿಡುತ್ತಿದ್ದೆ. ಗಾಜಿನ ಮೇಲೆ ಇವತ್ತಿಗೂ ಅದು ನನ್ನಿಂದಾಗದು.

ಆ ಫೋನು ಯಾರಿಗಾಗಿ ಇತ್ತು? ವಕೀಲರಿಗೆ, ಬ್ಯಾಂಕಿನವರಿಗೆ, ಕಂಪನಿಯ ದೊಡ್ಡವರಿಗೆ. 2010ರಲ್ಲಿ ನಮ್ಮ ಟಿವಿಗಳಲ್ಲಿ ವೊಡಾಫೋನಿನ ಜಾಹೀರಾತೊಂದು ಬರುತ್ತಿತ್ತು: ಸೂಟು ಹಾಕಿದ ಆಫೀಸಿನ ಗಂಡಸರು 'ನಾವು ಬ್ಲ್ಯಾಕ್‌ಬೆರಿ ಹುಡುಗರು' ಎಂದು ಹಾಡುತ್ತಾರೆ, ನೋಡನೋಡುತ್ತ ಕಾಲೇಜಿನ ಹುಡುಗ ಹುಡುಗಿಯರೂ ನುಗ್ಗಿ ಸೇರಿಕೊಳ್ಳುತ್ತಾರೆ. ನಾನು ಹಳ್ಳಿಯ ಪ್ರೌಢಶಾಲೆಯ ಮೇಷ್ಟ್ರು. ನಮ್ಮಪ್ಪನಿಗೆ ಸಹಿ ಹಾಕಲು ಬರುತ್ತಿತ್ತು, ಅಷ್ಟೇ. ಸಾಹೇಬರ ಕೈಯಲ್ಲಿದ್ದಂಥದ್ದೇ ಒಂದು ನನ್ನ ಕೈಯಲ್ಲೂ ಇರಲಿ ಎಂಬ ಆಸೆ ನನಗಿತ್ತೆಂದು ಒಪ್ಪಿಕೊಳ್ಳುತ್ತೇನೆ. 2011ರಲ್ಲಿ ಸೆಕೆಂಡ್ ಹ್ಯಾಂಡಿನಲ್ಲಿ ಗುಂಡಿ ಫೋನೊಂದನ್ನು ಕೊಂಡೆ. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ಸ್ಟಾಫ್ ರೂಮಿನಲ್ಲಿ ಅದನ್ನು ಪುಸ್ತಕದ ಮೇಲೆ, ಎಲ್ಲರಿಗೂ ಕಾಣುವಂತೆ ಇಡುತ್ತಿದ್ದೆ.

ಆ ಫೋನಿನಲ್ಲಿ ಕನ್ನಡ ಇರಲಿಲ್ಲ. ಯಾರಾದರೂ ಕನ್ನಡದಲ್ಲಿ ಕಳಿಸಿದರೆ ಸಾಲುಗಟ್ಟಿ ಖಾಲಿ ಚೌಕಗಳು ಬರುತ್ತಿದ್ದವು. ಕನ್ನಡ ಪತ್ರಿಕೆಗಳನ್ನು ಓದಲು ಒಂದು ಉಪಾಯವಿತ್ತು: ಒಪೆರಾ ಮಿನಿ ಎಂಬ ಬ್ರೌಸರಿನ ಒಳಸೆಟ್ಟಿಂಗಿಗೆ ಹೋಗಿ ಒಂದು ಆಯ್ಕೆಯನ್ನು ಬದಲಿಸಿದರೆ, ಅವರ ಸರ್ವರ್ ಅಕ್ಷರಗಳನ್ನು ಚಿತ್ರವಾಗಿಸಿ ನಮ್ಮ ಫೋನಿಗೆ ಕಳಿಸುತ್ತಿತ್ತು. ಹಾಗಾಗಿ ನೋಡಬಹುದಿತ್ತು, ಬರೆಯಲಾಗುತ್ತಿರಲಿಲ್ಲ. ಬರೆಯುವುದೇನಿದ್ದರೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ.

2014ರಲ್ಲಿ ನಮ್ಮ ಅಧ್ಯಯನ ಬಳಗದ ಮೊದಲ ವಾಟ್ಸಾಪ್ ಗುಂಪು ಶುರುವಾಯಿತು. ಬೇಗ ಟೈಪ್ ಮಾಡುವವನು ನಾನೇ ಎಂದು ದಿನದ ಚಿಂತನೆಯ ಹೊಣೆ ನನಗೆ ಬಂತು. ದಿನಾ ಬೆಳಿಗ್ಗೆ ಆರಕ್ಕೆ ಟಿಕಟಿಕ ಎಂದು ಕುಟ್ಟಿ ಕಳಿಸುತ್ತಿದ್ದೆ. ಕನ್ನಡ ಎಂ.ಎ. ಮಾಡಿದವನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಆ ಸಾಲುಗಳನ್ನು ನೆನೆದರೆ ಈಗ ನಗು ಬರುತ್ತದೆ. ಆ ಲಿಪಿಯಲ್ಲಿ ಹಳ್ಳಿಯೂ ಹಲ್ಲಿಯೂ ಒಂದೇ. ದಾನ, ದನ ಎರಡಕ್ಕೂ ಅದೇ ನಾಲ್ಕು ಅಕ್ಷರ. ದಾನ ಪಾರಮಿತೆಯ ಬಗ್ಗೆ ನಾನು ಬರೆದದ್ದನ್ನು ಒಬ್ಬ ಉಪಾಸಕರು ಮನೆಯವರಿಗೆಲ್ಲ 'ದನ ಪಾರಮಿತೆ' ಎಂದು ಗಟ್ಟಿಯಾಗಿ ಓದಿ ಹೇಳಿದರಂತೆ. ಎಲ್ಲರೂ ನಕ್ಕೆವು. ನಾನು ಬದಲಾಗಲಿಲ್ಲ.

ಬಳಗದಲ್ಲಿ ಒಬ್ಬ ಅಕ್ಕ ಇದ್ದಾರೆ. ಪೌರಕಾರ್ಮಿಕರಾಗಿದ್ದು ನಿವೃತ್ತರಾದವರು. ನಲವತ್ತು ದಾಟಿದ ಮೇಲೆ ಸಾಕ್ಷರತೆಯ ರಾತ್ರಿ ತರಗತಿಗೆ ಹೋಗಿ ಅಕ್ಷರ ಕಲಿತವರು. ಮಗ ಕೊಡಿಸಿದ ಹೊಸ ಟಚ್ ಫೋನು ಅವರ ಬಳಿ ಇತ್ತು. ನನ್ನ ಪ್ರತಿ ಸಂದೇಶಕ್ಕೂ ಮೊದಲು ಬರುತ್ತಿದ್ದುದು ಅವರ ಕೈಮುಗಿದ ಚಿತ್ರ, ಒಂದು ದಿನವೂ ತಪ್ಪದೆ. ನನಗೆ ಒಳಗೊಳಗೇ ಹೆಮ್ಮೆ. ಒಂದು ಭಾನುವಾರ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಕೇಳಿದೆ, "ಅಕ್ಕಾ, ಈ ವಾರದ್ದು ಹೇಗಿತ್ತು?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದಿನಾ ಬರುತ್ತೆ ಸಾರ್, ನೋಡ್ತೀನಿ. ಓದಕ್ಕಾಗಲ್ಲ" ಅಂದರು. ನಾನು ತಡವರಿಸುತ್ತಾ, "ನನ್ನ ಫೋನಿನಲ್ಲಿ ಕನ್ನಡ ಬರಲ್ಲ ಅಕ್ಕಾ" ಎಂದೆ. ಅವರಲ್ಲಿ ಕೋಪವಿರಲಿಲ್ಲ. "ಇರ್ಲಿ ಬಿಡಿ ಸಾರ್. ನಿಮಗೆ ಇಂಗ್ಲಿಷೂ ಬರುತ್ತೆ. ನಮಗೆ ಕನ್ನಡ ಬಂದಿದ್ದೇ ಮೊನ್ನೆ ಮೊನ್ನೆ" ಅಂದರು.

ಎಂಟು ತಿಂಗಳು ಅವರು ಓದಲಾಗದ ಸಾಲುಗಳಿಗೆ ಕೈಮುಗಿದಿದ್ದರು. ಅರ್ಥವಾಗದ ಮಾತಿಗೆ ಕೈಮುಗಿಯುವುದನ್ನೇ ಬಿಟ್ಟು ಬಂದವರು ನಾವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲು ನಾನು ಗುಂಡಿಗಳನ್ನೇ ಬೈದೆ. ಇಂಗ್ಲಿಷ್ ಅಕ್ಷರವನ್ನು ಪ್ಲಾಸ್ಟಿಕ್ಕಿನ ಮೇಲೆ ಅಚ್ಚು ಹಾಕಿಬಿಟ್ಟಿದ್ದಾರೆ, ಕನ್ನಡ ಎಲ್ಲಿಂದ ಬರಬೇಕು ಎಂದು. 2007ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಐಫೋನ್ ತೋರಿಸುವಾಗ ಮಂಡಿಸಿದ್ದೂ ಇದೇ ವಾದ. ಪರದೆಯ ಮೇಲೆ ನಾಲ್ಕು ಗುಂಡಿ ಫೋನುಗಳನ್ನು ನಿಲ್ಲಿಸಿ, ಇವುಗಳ ಕೆಳಭಾಗವೇ ತೊಂದರೆ, ಬೇಕಿರಲಿ ಬೇಡದಿರಲಿ ಆ ಪ್ಲಾಸ್ಟಿಕ್ ಗುಂಡಿಗಳು ಅಲ್ಲೇ ಇರುತ್ತವೆ, ಫೋನು ಮಾರಿದ ಮೇಲೆ ಬದಲಿಸಲಾಗದು ಎಂದರು. ಕೇಳಲು ಸರಿಯಾಗಿಯೇ ಇದೆ.

ಆದರೆ ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರು ನನ್ನ ವಾದವನ್ನು ಒಂದೇ ಮಾತಿನಲ್ಲಿ ಮುರಿದರು. "ಪ್ರಶ್ನೆಪತ್ರಿಕೆ ಯಾವುದರಲ್ಲಿ ಟೈಪ್ ಮಾಡ್ತೀರಿ ಸಾರ್?" ನುಡಿಯಲ್ಲಿ. "ಆ ಕೀಬೋರ್ಡಿನ ಮೇಲೆ ಏನಿದೆ?" ಇಂಗ್ಲಿಷ್ ಅಕ್ಷರ! ಕೆ.ಪಿ. ರಾವ್ ಅವರು ಎಷ್ಟೋ ಮೊದಲೇ ಅದೇ ಇಂಗ್ಲಿಷ್ ಗುಂಡಿಗಳಲ್ಲಿ ನಮ್ಮ ಇಡೀ ವರ್ಣಮಾಲೆಯನ್ನು ಕೂರಿಸಿ ತೋರಿಸಿದ್ದರು. ವ್ಯಂಜನ ಒತ್ತಿ, 'ಎಫ್' ಒತ್ತಿ, ಇನ್ನೊಂದು ವ್ಯಂಜನ ಒತ್ತಿದರೆ ಒತ್ತಕ್ಷರ. ನಾನು ವರ್ಷಗಟ್ಟಲೆ ದಿನವೂ ಮಾಡುತ್ತಿದ್ದ ಕೆಲಸ ಇದು! ಗುಂಡಿ ಅಡ್ಡಿಯಾಗಿರಲೇ ಇಲ್ಲ.

ಅಡ್ಡಿ ಇದ್ದದ್ದು ಒಳಗೆ. ಯೂನಿಕೋಡಿನಲ್ಲಿ 'ಕ್ಷ' ಎಂಬುದು ಒಂದು ಅಕ್ಷರವಾಗಿ ಇರುವುದಿಲ್ಲ. ಕ, ವಿರಾಮ ಚಿಹ್ನೆ, ಷ ಎಂಬ ಮೂರು ಸಂಕೇತಗಳು ಸಾಲಾಗಿ ಬರುತ್ತವೆ. ಅವನ್ನು ಕೂಡಿಸಿ ಒಂದು ರೂಪ ಕೊಡುವುದು, ಒತ್ತನ್ನು ಕೆಳಗೆ ಇಳಿಸುವುದು, ದೀರ್ಘವನ್ನು ಪಕ್ಕಕ್ಕೆ ತರುವುದು ಫೋನಿನೊಳಗಿನ ತಂತ್ರಾಂಶದ ಕೆಲಸ. ಅದಕ್ಕೆ ಕನ್ನಡದ ಫಾಂಟೂ ಬೇಕು. ಆಫೀಸಿನ ಇಮೇಲ್ ಬರೆಯುವವನಿಗೆಂದು ಮಾಡಿದ ಯಂತ್ರದಲ್ಲಿ ಅದನ್ನು ಯಾರೂ ಇಟ್ಟಿರಲಿಲ್ಲ. ಗುಂಡಿ ಹೋಗಿ ಗಾಜು ಬಂದ ಮಾತ್ರಕ್ಕೂ ಕನ್ನಡ ಬರಲಿಲ್ಲ. ಐಫೋನ್ ಬಂದು ಐದು ವರ್ಷದ ಮೇಲೆ, 2012ರಲ್ಲಿ, ಆಂಡ್ರಾಯ್ಡಿನ 4.1ನೇ ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲಯಾಳಂ ಸೇರಿದವು. ಅಕ್ಕನ ಮಗ ಕೊಡಿಸಿದ್ದು ಅಂಥ ಫೋನು. ಅಂದರೆ ಅವರ ಕೈಯಲ್ಲಿ ಕನ್ನಡ ಮೊದಲೇ ಇತ್ತು, ಇಲ್ಲದ್ದು ನನ್ನ ಕೈಯಲ್ಲಿ.

ಚುಳ್ಳವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ, ನಮ್ಮ ಬಳಗದಲ್ಲಿ ಓದಿದ್ದೇವೆ. ಬ್ರಾಹ್ಮಣ ಮೂಲದ, ಮಾತಿನ ಸೊಗಸು ಬಲ್ಲ ಇಬ್ಬರು ಸೋದರ ಭಿಕ್ಷುಗಳು ಬುದ್ಧರ ಬಳಿ ಬಂದು, ನಾನಾ ಕುಲಗಳಿಂದ ಬಂದ ಭಿಕ್ಷುಗಳು ತಮ್ಮ ತಮ್ಮ ಮಾತಿನಲ್ಲಿ ಹೇಳಿ ಬುದ್ಧವಚನವನ್ನು ಕೆಡಿಸುತ್ತಿದ್ದಾರೆ, ನಾವು ಅದನ್ನು ಛಂದಸ್ಸಿಗೆ ಏರಿಸುತ್ತೇವೆ ಎಂದು ಕೇಳುತ್ತಾರೆ. ಬುದ್ಧರು ಅವರನ್ನು ಗದರಿ, ಹಾಗೆ ಮಾಡುವುದು ದೋಷವೆಂದು ಹೇಳಿ, ಸ್ವಂತ ಭಾಷೆಯಲ್ಲಿ ಕಲಿಯಲು ಅನುಮತಿ ಕೊಡುತ್ತಾರೆ. 'ಸ್ವಂತ' ಎಂದರೆ ಬುದ್ಧರ ಮಾಗಧಿ ಎಂದು ಬುದ್ಧಘೋಷರ ವ್ಯಾಖ್ಯಾನ. ಕಲಿಯುವವರ ಭಾಷೆ ಎಂದು ಇಂದಿನ ಹಲವು ವಿದ್ವಾಂಸರ ಅಭಿಪ್ರಾಯ. ದೂರು ಬಂದದ್ದೇ ನಾನಾ ಜನರ ನಾನಾ ಮಾತಿನ ಮೇಲಾದ್ದರಿಂದ ಎರಡನೆಯದೇ ನನಗೆ ಒಪ್ಪಿಗೆ. ಇಂಗ್ಲಿಷಿನಲ್ಲಿ ಅಷ್ಟೊಂದು ಬರೆದ ಬಾಬಾಸಾಹೇಬರು 1920ರಲ್ಲಿ 'ಮೂಕನಾಯಕ'ವನ್ನು ಮರಾಠಿಯಲ್ಲಿ ತಂದರು ಎಂಬುದೂ ಆ ರಾತ್ರಿ ನೆನಪಾಯಿತು. ಪಾಠ ಮಾಡುವಾಗ ಇದನ್ನೆಲ್ಲ ಎಷ್ಟು ಸಲ ಹೇಳಿದ್ದೆನೋ!

ಗುಂಡಿ ಫೋನು ಎಲ್ಲೆಡೆಯೂ ಜನರನ್ನು ಹೊರಗಿಟ್ಟಿತು ಎಂದು ಹೇಳಿದರೆ ಅನ್ಯಾಯವಾಗುತ್ತದೆ. ಅಮೆರಿಕದಲ್ಲಿ 2002ರಲ್ಲಿ ಸೈಡ್‌ಕಿಕ್ ಎಂಬ ಫೋನು ಬಂತು. ಪರದೆಯನ್ನು ತಿರುಗಿಸಿದರೆ ಕೆಳಗೆ ಪೂರ್ತಿ ಕೀಬೋರ್ಡ್. ಅಲ್ಲಿನ ಕಿವುಡರು ಅದನ್ನು ಬಾಚಿ ತಬ್ಬಿಕೊಂಡರು. ಅದುವರೆಗೆ ಫೋನು ಎಂದರೆ ಕೇಳಿಸಿಕೊಳ್ಳುವ ಯಂತ್ರ. ಇದರಲ್ಲಿ ಬರೆದು ಹರಟಬಹುದಿತ್ತು. ಮಾತಿನ ಶುಲ್ಕವಿಲ್ಲದೆ ಡೇಟಾ ಮಾತ್ರ ಕೊಡುವ ಯೋಜನೆಯೂ ಅವರಿಗೆ ಸಿಕ್ಕಿತು. ಅದೇ ಗುಂಡಿ, ಅದೇ ಇಂಗ್ಲಿಷ್. ಅವರಿಗೆ ಆ ಅಕ್ಷರ ಗೊತ್ತಿತ್ತು.

ಬ್ಲ್ಯಾಕ್‌ಬೆರಿಯ ಕೊನೆ ನಿಮಗೆ ಗೊತ್ತಿರಬಹುದು. 2008ರಲ್ಲೇ ಗಾಜಿಗೆ ಹೆದರಿ ಸ್ಟಾರ್ಮ್ ಎಂಬ ಫೋನು ಮಾಡಿದರು. ಇಡೀ ಪರದೆಯೇ ಒಂದು ಗುಂಡಿಯಂತೆ ಒತ್ತಿಕೊಳ್ಳುತ್ತಿತ್ತು. ಟಿಕ್ ಎಂಬ ಆ ಅನುಭವವನ್ನು ಬಿಡಲಾಗದೆ ಗಾಜಿನಲ್ಲೂ ಅದನ್ನೇ ಹುಡುಕಿದ್ದರು. ಅದು ಗೆಲ್ಲಲಿಲ್ಲ. 2016ರಲ್ಲಿ ತಾವೇ ಫೋನು ತಯಾರಿಸುವುದನ್ನು ನಿಲ್ಲಿಸಿದರು. 2022ರ ಜನವರಿ 4ರಂದು ಹಳೆಯ ಬ್ಲ್ಯಾಕ್‌ಬೆರಿ ತಂತ್ರಾಂಶದ ಫೋನುಗಳ ಸೇವೆಯನ್ನೂ ಮುಗಿಸಿದರು. ಅವರನ್ನು ನೋಡಿ ನಗಲು ನನಗೆ ಬಾಯಿಲ್ಲ. ಅಕ್ಕ ಆ ಮಾತು ಹೇಳಿದ ಮೇಲೂ ನಾನು ಫೋನು ಬದಲಿಸಲು ಎರಡು ತಿಂಗಳು ತೆಗೆದುಕೊಂಡೆ. ದುಡ್ಡಿಲ್ಲ ಎಂದು ಹೆಂಡತಿಗೆ ಹೇಳಿದೆ. ದುಡ್ಡಿತ್ತು. ಆ ಎರಡು ತಿಂಗಳು ಚಿಂತನೆಯನ್ನು ಹಾಳೆಯಲ್ಲಿ ಕೈಬರಹದಲ್ಲಿ ಬರೆದು ಫೋಟೊ ತೆಗೆದು ಕಳಿಸಿದೆ. ನನ್ನ ಕೈಬರಹ ಇಂಗ್ಲಿಷ್ ಅಕ್ಷರಕ್ಕಿಂತ ಕಷ್ಟ ಎಂದು ಕೆಲವರು ಹೇಳಿದರು.

ಗಾಜಿನ ಮೇಲೆ ಕನ್ನಡ ಬರೆಯಲು ಶುರು ಮಾಡಿದಾಗ ಬೆರಳು ಜಾರುತ್ತಿತ್ತು. ಅರ್ಧ ಗಂಟೆಯ ಕೆಲಸಕ್ಕೆ ಒಂದೂವರೆ ಗಂಟೆ ಬೇಕಾಗುತ್ತಿತ್ತು. ಈಗಲೂ ನಾನು ನಿಧಾನ. ಫೋನು ತಾನೇ ಮುಂದಿನ ಪದ ಊಹಿಸಿ ಹಾಕಿ, ಕೆಲವು ಸಲ ಮಾನ ಕಳೆಯುತ್ತದೆ. ಕನ್ನಡದಲ್ಲಿ ಕಳಿಸಿದ ಮೊದಲ ದಿನ ಅಕ್ಕನಿಂದ ಕೈಮುಗಿದ ಚಿತ್ರ ಬರಲಿಲ್ಲ. ಹತ್ತು ಗಂಟೆಯಾದರೂ ಇಲ್ಲ. ಏನಾಯಿತೋ ಎಂದುಕೊಂಡೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ನೋಡಿದರೆ ಅವರಿಂದ ಒಂದು ಸಾಲು ಬಂದಿತ್ತು, ಕನ್ನಡದಲ್ಲಿ, ಅವರು ಈ ಗುಂಪಿನಲ್ಲಿ ಬರೆದ ಮೊದಲ ಸಾಲು: "ಸಾರ್ ಎರಡನೇ ಸಾಲಲ್ಲಿ ಧಮ್ಮಕ್ಕೆ ಒತ್ತು ಬಿಟ್ಟಿದೀರಿ."