ಎಲ್ಫ್ ಹುಡುಗಿಗೆ ಏನೆಂದು ಹೆಸರಿಡಲಿ?

ಪ್ರಶ್ನೆ: ‘ದ ಲಾರ್ಡ್ ಆಫ್ ದ ರಿಂಗ್ಸ್ ಆನ್‌ಲೈನ್’ ಆಟ ಶುರುಮಾಡಿದ್ದೇನೆ. ನನ್ನದು ಎಲ್ಫ್ ಹೆಣ್ಣು, ಹಂಟರ್, ಈಗ 9ನೇ ಲೆವೆಲ್. ‘ಆರ್ವೆನ್’ ಎಂದು ಹೆಸರಿಡಲು ಹೋದರೆ ಆಟ ಒಪ್ಪಲಿಲ್ಲ. ಸಿಟ್ಟಿನಲ್ಲಿ ‘ಡೆತ್‌ಕ್ವೀನ್’ ಎಂದು ಇಟ್ಟುಬಿಟ್ಟೆ. ಈಗ ಆಟದಲ್ಲಿ ನಾನು ಸೇರಿರುವ ಬಳಗದವರೆಲ್ಲ (ಕಿನ್‌ಶಿಪ್) ಅದನ್ನೇ ಹಿಡಿದು ನಗುತ್ತಾರೆ. ಪಾತ್ರಕ್ಕೆ ಒಪ್ಪುವ ಹೆಸರನ್ನು ಹುಡುಕುವುದು ಹೇಗೆ? ನಮ್ಮ ಕಡೆಯ ಹೆಸರನ್ನೇ ಇಟ್ಟರೆ ಆಗದೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಕ್ಕವರನ್ನು ಪೂರ್ತಿ ತಪ್ಪೆನ್ನಲಾರೆ. ನಿಮ್ಮ ಹೆಸರಿನಲ್ಲಿ ಸಾವೂ ಇದೆ, ರಾಣಿಯೂ ಇದ್ದಾಳೆ, ಎಲ್ಫ್ ಮಾತ್ರ ಇಲ್ಲ. ಹೊಸಬರು ಸಾಮಾನ್ಯವಾಗಿ ಅರ್ಥದ ಹಿಂದೆ ಬೀಳುತ್ತಾರೆ. ಹೆಸರು ಎಷ್ಟು ಭಯಂಕರವಾಗಿದ್ದರೆ ಪಾತ್ರಕ್ಕೆ ಅಷ್ಟು ಕಳೆ ಎಂಬ ಲೆಕ್ಕ ಅವರದು. ಆದರೆ ಹೆಸರು ಒಪ್ಪುವುದು ಮೊದಲು ಕಿವಿಗೆ. ಆ ಲೋಕದಲ್ಲಿ ಅದೇ ಕುಲದವರ ಹತ್ತಾರು ಹೆಸರುಗಳನ್ನು ಗಟ್ಟಿಯಾಗಿ ಓದಿ, ನಡುವೆ ನಿಮ್ಮ ಹೆಸರನ್ನೂ ಸೇರಿಸಿ. ಅಲ್ಲಿ ನಾಲಿಗೆ ಎಡವಿದರೆ ಅದು ಆ ಊರಿನದಲ್ಲ.

ನೀವು ಆರಿಸಿಕೊಂಡಿರುವ ಆಟದಲ್ಲಂತೂ ಇದಕ್ಕೆ ಗಟ್ಟಿ ಆಧಾರವಿದೆ. ಆ ಲೋಕವನ್ನು ಕಟ್ಟಿದ ಜೆ.ಆರ್.ಆರ್. ಟೋಲ್ಕಿನ್ ಆಕ್ಸ್‌ಫರ್ಡ್‌ನಲ್ಲಿ ಭಾಷೆಯ ಪ್ರಾಧ್ಯಾಪಕರಾಗಿದ್ದವರು. ಭಾಷೆ ಕಟ್ಟುವುದು ಅವರಿಗೆ ಕಥೆ ಬರೆಯುವುದಕ್ಕಿಂತ ಹಳೆಯ ಗೀಳು. ಎಲ್ಫ್‌ಗಳ ಸಿಂಡರಿನ್ ಭಾಷೆಯಲ್ಲಿ ಹೆಸರುಗಳು ಬಿಡಿ ಶಬ್ದಗಳ ಜೋಡಣೆ. ಗಿಲ್ ಎಂದರೆ ನಕ್ಷತ್ರ, ಮಿತ್ ಎಂದರೆ ಬೂದುಬಣ್ಣ, ಕೆಲೆಬ್ ಎಂದರೆ ಬೆಳ್ಳಿ, ಲೋತ್ ಎಂದರೆ ಹೂವು, ಲಾಸ್ ಎಂದರೆ ಎಲೆ. ‘ಲೆಗೊಲಾಸ್’ ಎಂಬುದು ಹಸಿರೆಲೆ. ಹೆಣ್ಣಿನ ಹೆಸರಿಗೆ ಕೊನೆಯಲ್ಲಿ ‘ವೆನ್’ ಅಥವಾ ‘ಇಯೆಲ್’ ಬರುವುದು ವಾಡಿಕೆ. ಇಷ್ಟು ಗೊತ್ತಿದ್ದರೆ ಗಿಲ್ವೆನ್, ಮಿತ್‌ಲೋತಿಯೆಲ್ ಎಂದೆಲ್ಲ ನೀವೇ ಕಟ್ಟಬಹುದು. ಕನ್ನಡಿಗರಿಗೆ ಇಲ್ಲೊಂದು ಅನುಕೂಲವೂ ಇದೆ. ಟೋಲ್ಕಿನ್ ತಮ್ಮ ಎಲ್ಫ್ ಭಾಷೆಗಳನ್ನು ಇಂಗ್ಲಿಷಿನ ಹಾಗೆ ಬರೆಯುವುದೊಂದು ಓದುವುದೊಂದು ಮಾಡಲಿಲ್ಲ. ಇಂಗ್ಲಿಷಿನ ‘ಸಿ’ ಅಕ್ಷರ ಅಲ್ಲಿ ಯಾವಾಗಲೂ ಕಕಾರವೇ, ಹಾಗಾಗಿ ‘ಸೆಲೆಬಾರ್ನ್’ ಅಲ್ಲ, ಕೆಲೆಬಾರ್ನ್.

ಕುಲ ಬದಲಾದರೆ ಕಿವಿಯೂ ಬದಲಾಗಬೇಕು. ‘ದ ಹಾಬಿಟ್’ ಕಾದಂಬರಿಯ ಡ್ವಾರ್ಫ್‌ಗಳ ಹೆಸರುಗಳನ್ನು ಟೋಲ್ಕಿನ್ ಬಹುಪಾಲು ಹಳೆಯ ನಾರ್ಸ್ ಕಾವ್ಯ ‘ವೊಲುಸ್ಪಾ’ದ ಕುಳ್ಳರ ಪಟ್ಟಿಯಿಂದ ಎತ್ತಿಕೊಂಡರು; ಥೋರಿನ್, ಡ್ವಾಲಿನ್ ಅಷ್ಟೇ ಅಲ್ಲ, ಮಂತ್ರವಾದಿ ಗ್ಯಾಂಡಾಲ್ಫ್ ಕೂಡ ಅದೇ ಪಟ್ಟಿಯವನು. ಅಣ್ಣತಮ್ಮಂದಿರ ಹೆಸರು ಪ್ರಾಸ ಹಾಕುತ್ತದೆ: ಫೀಲಿ–ಕೀಲಿ, ಓಯಿನ್–ಗ್ಲೋಯಿನ್. ಕೆಲವು ಉತ್ಸಾಹಿಗಳು ಡ್ವಾರ್ಫ್‌ಗಳ ಸ್ವಂತ ಭಾಷೆಯಲ್ಲಿ ಗಡುಸಾದ ಹೆಸರು ಕಟ್ಟಿಕೊಂಡು ಬಂದು ಬೀಗುತ್ತಾರೆ. ಅದೇ ಎಡವಟ್ಟು. ಡ್ವಾರ್ಫ್‌ಗಳು ತಮ್ಮ ಒಳಹೆಸರನ್ನು ಹೊರಗಿನವರಿಗೆ ಎಂದೂ ಹೇಳುವುದಿಲ್ಲ, ಗೋರಿಯ ಮೇಲೂ ಕೆತ್ತಿಸುವುದಿಲ್ಲ. ನಮಗೆ ಗೊತ್ತಿರುವುದೆಲ್ಲ ಉತ್ತರದ ಮನುಷ್ಯರ ಭಾಷೆಯಿಂದ ಅವರು ತೆಗೆದುಕೊಂಡ ಹೊರಹೆಸರು. ತಲೆಯ ಮೇಲೆ ಒಳಹೆಸರನ್ನು ತೇಲಿಸಿಕೊಂಡು ಪೇಟೆ ಸುತ್ತುವ ಡ್ವಾರ್ಫ್ ಮಾನ ಕಳೆದುಕೊಂಡವನೇ ಸರಿ! ರೋಹನ್‌ನ ಕುದುರೆ ಸವಾರರಿಗೆ ಹಳೆಯ ಇಂಗ್ಲಿಷಿನ ಹೆಸರು. ಹಾಬಿಟ್ ಹೆಣ್ಣುಮಕ್ಕಳಿಗೆ ರೋಸಿ, ಡೇಸಿ ಎಂಬ ಹೂವಿನ ಹೆಸರೇ ಹೆಚ್ಚು.

ಬೇರೆ ಆಟಗಳಿಗೆ ಬೇರೆ ನಡೆ. ‘ಫೈನಲ್ ಫ್ಯಾಂಟಸಿ 14’ರಲ್ಲಿ ಮಿಕೋತೆ ಎಂಬ ಬೆಕ್ಕಿನ ಕಿವಿಯ ಜನರಿದ್ದಾರೆ. ಅವರಲ್ಲಿ ಸೂರ್ಯನ ಪಂಗಡದವರ ಹೆಸರಿನ ಮೊದಲ ಅಕ್ಷರವೇ ಬುಡಕಟ್ಟನ್ನು ಹೇಳುತ್ತದೆ, ಗಂಡಸರ ಎರಡನೆಯ ಹೆಸರು ಅವರ ಸ್ಥಾನಮಾನವನ್ನು ಹೇಳುತ್ತದೆ. ನಮ್ಮ ಇನಿಷಿಯಲ್ಲಿನಲ್ಲಿ ಊರೂ ಅಪ್ಪನ ಹೆಸರೂ ಅಡಗಿರುವಂತೆಯೇ ಇದು. ಗ್ರಾಹಾ ತಿಯಾ ಎಂಬ ಹೆಸರು ಕೇಳಿದರೆ ಆತ ‘ಗ’ ಬುಡಕಟ್ಟಿನವನು, ಕುಲದ ಪ್ರಜನಕ ಗಂಡಿನ ಸ್ಥಾನ ಪಡೆದವನಲ್ಲ ಎಂದು ಬಲ್ಲವರಿಗೆ ತಿಳಿಯುತ್ತದೆ.

ಭಯಂಕರ ಅರ್ಥ ಬೇಕೇಬೇಕು ಎನ್ನುವವರಿಗೆ 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಥ್ರಾಲ್‌ನನ್ನು ತೋರಿಸುತ್ತೇನೆ. ಓರ್ಕ್‌ಗಳ ದೊಡ್ಡ ನಾಯಕ ಅವನು. ಆ ಹೆಸರಿನ ಅರ್ಥ ‘ಗುಲಾಮ’. ಅವನನ್ನು ಹಿಡಿದಿಟ್ಟು ಸಾಕಿದ ಮನುಷ್ಯ ಸೇನಾಧಿಕಾರಿ ಇಟ್ಟ ಹೆಸರು, ಹೆತ್ತವರು ಇಟ್ಟಿದ್ದು ಗೊಯೆಲ್ ಎಂದು. ಯಜಮಾನನಿಂದ ತಪ್ಪಿಸಿಕೊಂಡ ಮೇಲೂ ಅದೇ ಹೆಸರಿನಲ್ಲಿ ಅವನು ತನ್ನ ಜನರನ್ನು ಬಿಡಿಸಿದ. ಹತ್ತು ಡೆತ್‌ಕ್ವೀನ್‌ಗಳನ್ನು ತಕ್ಕಡಿಗೆ ಹಾಕಿದರೂ ಈ ತೂಕ ಬರದು.

ಭಾಷೆಯ ಗೊಡವೆಯೇ ಬೇಡ ಎನ್ನುವುದಾದರೆ ಹಳೆಯ ಕುಚೇಷ್ಟೆಯೊಂದಿದೆ. 1974ರಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟವನ್ನು ಹೊರತಂದ ಗ್ಯಾರಿ ಗೈಗ್ಯಾಕ್ಸ್‌ರ ಬಳಗದಲ್ಲಿ ಜಿಮ್ ವಾರ್ಡ್ ಎಂಬುವರ ಹೆಸರನ್ನು ತಿರುವಿ ‘ಡ್ರಾಮಿಜ್’ ಎಂಬ ಮಂತ್ರವಾದಿ ಹುಟ್ಟಿದ. ಕಾದಂಬರಿಕಾರ ಜ್ಯಾಕ್ ವ್ಯಾನ್ಸ್‌ರ ಹೆಸರಿನ ಅಕ್ಷರಗಳನ್ನು ಕಲಕಿದಾಗ ‘ವೆಕ್ನಾ’ ಬಂದ. ‘ಮೆಲ್ಫ್’ ಎಂಬ ಹೆಸರಂತೂ ಗಂಡು ಎನ್ನುವುದಕ್ಕೆ ಬರೆದ ‘ಎಂ’ ಮತ್ತು ಕುಲ ಎನ್ನುವಲ್ಲಿ ಬರೆದ ‘ಎಲ್ಫ್’ ಕೂಡಿಕೊಂಡು ಆದದ್ದು. ನೀವೂ ನಿಮ್ಮ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಬಲದಿಂದ ಎಡಕ್ಕೆ ಓದಿ ನೋಡಿ. ರವಿ ‘ಇವಾರ್’ ಆಗುತ್ತಾನೆ, ಅದು ನಾರ್ಸ್ ಜನರ ನಿಜವಾದ ಹೆಸರೇ. ನಿರ್ಮಲಾ ‘ಅಲಮ್ರಿನ್’ ಆಗುತ್ತಾಳೆ, ಎಲ್ಫ್‌ಗಳ ಕಾಡಿನಲ್ಲಿ ಯಾರೂ ಅನುಮಾನಪಡರು. ಗಿರೀಶನಿಗೆ ಮಾತ್ರ ಈ ದಾರಿ ಬೇಡ, ‘ಹ್ಸಿರಿಗ್’ ಎಂದರೆ ಸೀನಿದಂತಾಗುತ್ತದೆ.

ಇನ್ನು ನಮ್ಮ ಕಡೆಯ ಹೆಸರು. ಟೋಲ್ಕಿನ್ ಲೋಕಕ್ಕೆ ಬೇಡ ಎಂದೇ ನನ್ನ ಅಭಿಪ್ರಾಯ. ಅಲ್ಲಿ ಒಂದೊಂದು ಹೆಸರಿಗೂ ಬೇರಿದೆ, ಚಂದ್ರಿಕಾ ಒಬ್ಬಳೇ ಬಂದು ನಿಂತರೆ ದಾರಿ ತಪ್ಪಿದವಳಂತೆ ಕಾಣುತ್ತಾಳೆ. ಆದರೆ ‘ಫೈನಲ್ ಫ್ಯಾಂಟಸಿ 14’ರ 2021ರ ‘ಎಂಡ್‌ವಾಕರ್’ ಭಾಗದಲ್ಲಿ ಥಾವ್ನೇರ್ ಎಂಬ ದ್ವೀಪವಿದೆ. ಅಲ್ಲಿ ಆಳುವ ಡ್ರ್ಯಾಗನ್ನಿನ ಹೆಸರು ಋಗ್ವೇದದ ವೃತ್ರನದು, ಕಾಡಿನ ಹೆಸರು ವನಸ್ಪತಿ. ಆನೆಮುಖದ ಜನರಲ್ಲಿ ಮತ್ಸ್ಯ ಎಂಬ ಬೆಸ್ತನೊಬ್ಬ ನಿಮಗೆ ಸಿಗುತ್ತಾನೆ. ಅಂಥ ಊರಿನವಳು ಎಂದುಕೊಂಡರೆ ಚಂದ್ರಿಕಾ ಚೆನ್ನಾಗಿಯೇ ಒಪ್ಪುತ್ತಾಳೆ. ದೇವರ ಹೆಸರನ್ನು ಮಾತ್ರ ಎಲ್ಲಿಯೂ ಇಡಬೇಡಿ. ‘ಹನುಮಂತ ಕಾಡುಹಂದಿಗೆ ಸಿಕ್ಕು ಸತ್ತ’ ಎಂದು ಚಾಟ್‌ನಲ್ಲಿ ಓದುವುದು ನಿಮಗೂ ಹಿತವಲ್ಲ.

ಇನ್ನೊಂದು ತೊಡಕೂ ಇದೆ. ಹರ್ಷಿತ್, ರಕ್ಷಿತಾ ಮುಂತಾದ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಾಗ ಒಳಗೊಂದು ಬೈಗುಳ ಕಾಣುವುದರಿಂದ ಆಟದ ಜರಡಿ ತಡೆಯಬಹುದು. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರು ಎಒಎಲ್ ಎಂಬ ಇಂಟರ್ನೆಟ್ ಸೇವೆಯಲ್ಲಿ ಖಾತೆ ತೆರೆಯಲಾಗದೆ ಪರದಾಡಿದ್ದು ಇದೇ ಕಾರಣಕ್ಕೆ.

ಬಯಸಿದ ಹೆಸರು ಬೇರೆಯವರ ಪಾಲಾಗಿದ್ದರೆ ಅಕ್ಷರದ ತಲೆಗೆ ಚುಕ್ಕೆ, ಟೋಪಿ ಹಾಕಿ ಗಿಟ್ಟಿಸಿಕೊಳ್ಳುವವರಿದ್ದಾರೆ. ಹಾಗೆ ಮಾಡಬೇಡಿ. ನಿಮ್ಮನ್ನು ಗುಂಪಿಗೆ ಕರೆಯಬೇಕಾದವರು ಆ ಟೋಪಿಯನ್ನು ಟೈಪ್ ಮಾಡಲಾರದೆ ಬೇರೊಬ್ಬ ಹಂಟರ್‌ನನ್ನು ಕರೆದುಕೊಂಡು ಹೋಗುತ್ತಾರೆ. ವಾಯ್ಸ್ ಚಾಟ್‌ನಲ್ಲಿ ‘ಮಿತ್‌ಲೋತಿಯೆಲ್, ಹಿಂದೆ ಸರಿ’ ಎಂದು ಯಾರೂ ಪೂರ್ತಿ ಕೂಗುವುದಿಲ್ಲ, ‘ಮಿತ್’ ಎನ್ನುತ್ತಾರೆ. ಆ ತುಂಡು ಹೆಸರೂ ನಿಮಗೆ ಇಷ್ಟವಾಗಬೇಕು.

9ನೇ ಲೆವೆಲ್ ತಾನೇ, ಹೆಸರು ಬದಲಿಸಲು ಹಣ ತೆರುವುದಕ್ಕಿಂತ ಪಾತ್ರವನ್ನು ಅಳಿಸಿ ಹೊಸದಾಗಿ ಮಾಡಿಕೊಳ್ಳಿ. ಹಾಗೆ ಮಾಡುವಾಗ ರಿವೆಂಡೆಲ್, ಲೋರಿಯೆನ್, ಮರ್ಕ್‌ವುಡ್ ಎಂದು ಆಟ ಮೂಲ ಊರನ್ನು ಕೇಳುತ್ತದೆ, ಊರು ಆರಿಸಿದ ಮೇಲೆಯೇ ಹೆಸರಿನ ಯೋಚನೆ ಮಾಡಿ. 15ನೇ ಲೆವೆಲ್‌ನಲ್ಲಿ ಮನೆತನದ ಹೆಸರು ಸೇರಿಸಲು ಅವಕಾಶ ಸಿಗುತ್ತದೆ. ಟೋಲ್ಕಿನ್‌ರ ಎಲ್ಫ್‌ಗಳಿಗೆ ಮನೆತನದ ಹೆಸರಿನ ರೂಢಿ ಇಲ್ಲ, ಆ ಜಾಗವನ್ನು ಖಾಲಿ ಬಿಟ್ಟರೂ ನಡೆಯುತ್ತದೆ.