ಜೋತುಬೀಳುವ ಸನ್‌ವೈಸರ್: ಹಳೆಯ ಕಾರಿನವರಿಗೊಂದು ಕಿವಿಮಾತು

ಚಾಲಕನ ಕಣ್ಣಿಗೆ ನೇರ ಬಿಸಿಲು ಬೀಳದಂತೆ ತಡೆಯುವ ಸನ್‌ವೈಸರ್ ಎಂಬ ಮಡಚುಹಲಗೆಯು ಹಳೆಯ ಕಾರುಗಳಲ್ಲಿ ಮೇಲೆತ್ತಿದಲ್ಲಿ ನಿಲ್ಲದೆ ಜೋತುಬೀಳುವುದು ಸಾಮಾನ್ಯವಾದರೂ, ರಸ್ತೆಯ ನೋಟಕ್ಕೇ ಅಡ್ಡಬರುವ ಈ ದೋಷವನ್ನು ಕೇವಲ ಅಂದಗೇಡೆಂದು ಕಡೆಗಣಿಸುವುದು ಸರಿಯಲ್ಲ.

ವೈಸರನ್ನು ಬೇಕಾದ ಕೋನದಲ್ಲಿ ನಿಲ್ಲಿಸುವುದು ಘರ್ಷಣೆ. ಅನೇಕ ಮಾದರಿಗಳಲ್ಲಿ ಅದರೊಳಗೆ ಅಡಗಿರುವ ಸ್ಪ್ರಿಂಗ್ ಉಕ್ಕಿನ ಕ್ಲಿಪ್ ತಿರುಗು ಸರಳನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ವರ್ಷಗಟ್ಟಲೆಯ ಬಳಕೆಯ ಸವೆತದಿಂದಲೂ ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಕಾವಿನಿಂದಲೂ ಆ ಹಿಡಿತ ಸಡಿಲಗೊಳ್ಳುತ್ತದೆ. ಆದರೂ ಮೊದಲು ಪರೀಕ್ಷಿಸಬೇಕಾದುದು ಚಾವಣಿಗೆ ಬ್ರ್ಯಾಕೆಟ್ ಹಿಡಿದಿರುವ ತಿರುಪುಗಳನ್ನು, ಏಕೆಂದರೆ ಎಷ್ಟೋ ವೇಳೆ ಅವನ್ನು ಬಿಗಿಗೊಳಿಸುವಷ್ಟರಲ್ಲೇ ಕೆಲಸ ಮುಗಿಯುತ್ತದೆ.

ತಿರುಪುಗಳು ಬಿಗಿಯಾಗಿದ್ದೂ ವೈಸರ್ ಜಾರುತ್ತಿದ್ದರೆ, ಅದನ್ನು ಬಿಚ್ಚಿ, ಸರಳು ಹೊರಬರುವಂತಿದ್ದರೆ ನಿಧಾನವಾಗಿ ಎಳೆದು, ಕೈಗೆ ಸಿಗುವ ಕ್ಲಿಪ್ಪಿನ ಬಾಯನ್ನು ಇಕ್ಕಳದಿಂದ ತುಸುವೇ ಒತ್ತಬಹುದು. ಇಲ್ಲವೆ ಬಿಸಿ ತಗುಲಿದಾಗ ಕುಗ್ಗಿ ಅಂಟಿಕೊಳ್ಳುವ ಹೀಟ್‌ಶ್ರಿಂಕ್ ಕೊಳವೆಯ ಒಂದು ಪದರವನ್ನು ಸರಳಿಗೆ ತೊಡಿಸಿ ಅದರ ದಪ್ಪವನ್ನು ಹೆಚ್ಚಿಸಬಹುದು. ಕೀರಲು ಸದ್ದು ಅಡಗಲೆಂದು ಎಣ್ಣೆ ಬಿಡುವುದು ಮಾತ್ರ ದೊಡ್ಡ ತಪ್ಪು, ಅದು ಉಳಿದಿರುವ ಘರ್ಷಣೆಯನ್ನೂ ಕಳೆಯುತ್ತದೆ. ಕನ್ನಡಿದೀಪದ ತಂತಿಯಿರುವ ವೈಸರನ್ನು ಎಳೆಯುವ ಮುನ್ನ ಅದರ ಕನೆಕ್ಟರನ್ನು ಬಿಡಿಸಲೇಬೇಕು.

ಒಳಗಿನ ಚೌಕಟ್ಟೇ ಮುರಿದಿದ್ದರೆ ಬದಲಿ ವೈಸರ್ ಕೊಳ್ಳುವುದೇ ಲೇಸು. 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರಂತಹ ಕಾರುಗಳ ಒಡೆಯರು ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ವಿಚಾರಿಸಬಹುದು. ಎಡಬಲದ ವೈಸರ್‌ಗಳು ಬೇರೆಬೇರೆಯಾಗಿರುವುದರಿಂದ ಹಳೆಯದನ್ನು ಜೊತೆಗೆ ಒಯ್ಯುವುದನ್ನು ಮರೆಯಬಾರದು.